ಬಂಗಡೆ ಸಾರಿನ ಎದುರು ಆರು ಬಾಟ್ಲಿ ವೈನ್

ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾನೇ ಆರಿಸಿ ತರಿಸಿದ ವೈನನ್ನು ನಾನು ಗುರುತಿಸಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಕೆಟ್ಟುಹೋದ ಇನ್ನೊಂದು ಬಾಟ್ಲಿಯದನ್ನು ಮೂಸಿ, "ಇದೇ ನಂದು, ಮೊದಲ ಮಳೆ ಬಿದ್ದ ಕಾಡಿನ ವಾಸನೆ ನೋಡಿ" ಎಂದು ಮೇಜಿನ ಸುತ್ತ ಕೂತವರಿಗೆಲ್ಲ ಪಾಠ ಮಾಡಿದೆ.

ಡಿಸೆಂಬರಿನ ಒಂದು ಶನಿವಾರ ಸಂಜೆ, ಕಾರವಾರದ ನಮ್ಮ ಮನೆ. ಕುಡಿಯುವವರು ಐದು ಜನ: ನಾನು, ನನ್ನ ಹೆಂಡತಿ, ಬೆಂಗಳೂರಿನಿಂದ ಬಂದ ಹಳೆಯ ಸಹಪಾಠಿ, ಅಂಕೋಲೆಯ ಹೈಸ್ಕೂಲ್ ಮೇಷ್ಟ್ರು, ಕೈಗಾದಲ್ಲಿ ಎಂಜಿನಿಯರ್ ಆಗಿರುವ ಗೆಳೆಯ. ಆರನೆಯವನು ಶಿರಸಿ ಕಡೆಯ ಅಡಿಕೆ ತೋಟದವನು. ಕುಡಿಯುವುದಿಲ್ಲ, ಮೀನೂ ಮುಟ್ಟುವುದಿಲ್ಲ. ಲೇಬಲ್ ಮುಚ್ಚಿ ರುಚಿ ನೋಡುವ ಆಟಕ್ಕೆ ಇಂಥವನೊಬ್ಬ ಬೇಕೇ ಬೇಕು. ಯಾವ ಬಾಟ್ಲಿ ಎಂದು ಗೊತ್ತಿದ್ದವನೇ ಕುಡಿಯಲೂ ಕೂತರೆ ಅವನ ಮುಖ ನೋಡಿಕೊಂಡೇ ಉಳಿದವರು ಅಂಕ ಹಾಕುತ್ತಾರೆ.

"ಮಾಜಾಳಿ ದಾಟಿದರೆ ಗೋವಾ, ಅಲ್ಲಿಂದ ಅಗ್ಗಕ್ಕೆ ತರಬಹುದಿತ್ತಲ್ಲ?" ಕಾರವಾರದಲ್ಲಿ ವೈನ್ ಅಂದ ಕೂಡಲೇ ಏಳುವ ಪ್ರಶ್ನೆ ಇದು. ತರಬಹುದಿತ್ತು, ತನಿಖಾ ಠಾಣೆಯಲ್ಲಿ ಅಬಕಾರಿಯವರ ಎದುರು ಡಿಕ್ಕಿ ತೆಗೆದು ನಿಲ್ಲುವ ಧೈರ್ಯ ಇದ್ದಿದ್ದರೆ. ಬೆಂಗಳೂರಿನವನಿಗೆ ಪಟ್ಟಿ ಕಳಿಸಿದೆ, ಅವನು ಬಿಲ್ ಸಮೇತ ಕಾರಿನಲ್ಲಿ ತಂದ.

ಬಿಳಿಯದು ಎರಡು. ಒಂದು ನಾಶಿಕದ ಸುಲಾ ಚೆನಿನ್ ಬ್ಲಾಂಕ್, ಇನ್ನೊಂದು ನಂದಿಬೆಟ್ಟದ ಕಡೆಯ ಗ್ರೋವರ್ ಕಂಪನಿಯ ಸಾವಿನ್ಯೋ ಬ್ಲಾಂಕ್. ಕೆಂಪು ಎರಡು. ಅದೇ ಗ್ರೋವರ್‌ನವರ ಲಾ ರಿಸರ್ವ್, ಅಂದರೆ ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿಗಳ ಮಿಶ್ರಣ. ಫ್ರಾನ್ಸಿನ ಬೋರ್ಡೋದ ಹೆಸರಾಂತ ವೈನ್ ಸಲಹೆಗಾರ ಮಿಷೆಲ್ ರೋಲಾಂ ಕೈಯಾಡಿಸಿದ ವೈನ್. ಜೊತೆಗೆ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನ ಫ್ರಾಟೆಲಿ ಸ್ಯಾಂಜೊವೇಸೆ. ಫ್ರಾಟೆಲಿ ಎಂದರೆ ಇಟಲಿಯ ಭಾಷೆಯಲ್ಲಿ ಅಣ್ಣತಮ್ಮಂದಿರು. ಮೂರು ಮನೆಗಳ ಅಣ್ಣತಮ್ಮಂದಿರು ಸೇರಿ ಕಟ್ಟಿದ ಕಂಪನಿ ಅದು. ದ್ರಾಕ್ಷಿಯೂ ಇಟಲಿಯದೇ, ಕಿಯಾಂತಿ ವೈನಿಗೆ ಬಳಸುವ ತಳಿ. ನಾನು ಗುರುತಿಸಬೇಕಿದ್ದದ್ದು ಇದನ್ನೇ. ಐದನೆಯದು ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿದ ಸಿಹಿ ಪೋರ್ಟ್ ವೈನ್, ಉಳಿದ ಯಾವುದರ ಅರ್ಧ ಬೆಲೆಯೂ ಇಲ್ಲದ್ದು. ಆರನೆಯದು ಬೆಂಗಳೂರಿನವನ ಉಡುಗೊರೆ: ಯುರೋಪಿನಿಂದ ಬಂದ ಕೆಂಪು ವೈನ್. ಬೆಲೆ ಕೇಳಿದರೆ ನಕ್ಕ, ಹೇಳಲಿಲ್ಲ.

ಬಾಟ್ಲಿಗೆ ಪೇಪರ್ ಸುತ್ತಿದರೆ ಸಾಕು ಅಂದುಕೊಂಡಿದ್ದೆವು. ಸಾಲದು. ಕ್ಯಾಬರ್ನೆ ಹಾಕುವ ಬಾಟ್ಲಿಗೆ ಎದ್ದ ಹೆಗಲು ಇರುತ್ತದೆ, ಕೆಲವಕ್ಕೆ ಜಾರಿದ ಹೆಗಲು. ಒಂದಕ್ಕೆ ತಿರುಗಿಸುವ ಮುಚ್ಚಳ, ಒಂದಕ್ಕೆ ಬಿರಡೆ. ಪೇಪರಿನ ಮೇಲಿಂದ ಒಮ್ಮೆ ಕೈಯಾಡಿಸಿದರೆ ಅರ್ಧ ಗುಟ್ಟು ಹೊರಗೆ. ಹಾಗಾಗಿ ಶಿರಸಿಯವನು ಎಲ್ಲವನ್ನೂ ಅಡುಗೆಮನೆಯಲ್ಲೇ ಗಾಜಿನ ಜಗ್ಗುಗಳಿಗೆ ಬಗ್ಗಿಸಿ ಅ, ಆ, ಇ, ಈ, ಉ, ಊ ಎಂದು ಚೀಟಿ ಅಂಟಿಸಿದ. ಅಳತೆಯ ಲೆಕ್ಕ ಕೈಗಾದವನದು. ಆರು ವೈನ್, ಎರಡು ಸುತ್ತು, ತಲಾ 50 ಮಿಲಿ ಹೊಯ್ದರೆ ಒಬ್ಬೊಬ್ಬನ ಹೊಟ್ಟೆಗೆ 600 ಮಿಲಿ. ಎರಡನೇ ಸುತ್ತಿನ ಅಂಕಗಳನ್ನು ಯಾರೂ ನಂಬಬೇಕಾಗಿಲ್ಲ. ಸಣ್ಣ ಪೆಗ್ಗಿನ 30 ಮಿಲಿ ಅಳತೆಯೇ ಗಟ್ಟಿಯಾಯಿತು. ಬಲ್ಲವರು ರುಚಿ ನೋಡಿ ಉಗುಳುತ್ತಾರೆ ಎಂದು ಬೆಂಗಳೂರಿನವನು ನೆನಪಿಸಿದ. "ಮೊದಲೇ ಹೇಳಿದ್ರೆ ಮನೆಯಿಂದ ಪೀಕದಾನಿ ತರ್ತಿದ್ದೆ, ಕವಳ ಹಾಕಿ ಉಗುಳಿ ನಮಗೆ ರೂಢಿ ಅದೆ" ಅಂದ ಶಿರಸಿಯವನು. ಯಾರೂ ಉಗುಳಲಿಲ್ಲ. ಆ ರಾತ್ರಿ ಯಾರೂ ಗಾಡಿಯನ್ನೂ ಮುಟ್ಟಲಿಲ್ಲ, ಎಲ್ಲರಿಗೂ ನಮ್ಮ ಹಾಲ್‌ನಲ್ಲೇ ಚಾಪೆ.

ಬಿಸಿಯ ವಿಷಯವೂ ಒಂದಿದೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎನ್ನುವುದು ಯುರೋಪಿನ ತಣ್ಣನೆಯ ಮನೆಗಳ ಮಾತು, ಅಲ್ಲಿಯ ಲೆಕ್ಕ 16ರಿಂದ 18 ಡಿಗ್ರಿ. ನಮ್ಮ ಕೋಣೆ ಡಿಸೆಂಬರಿನಲ್ಲೂ ಬೆವರಿಳಿಸುತ್ತದೆ. ಆ ಬಿಸಿಗೆ ಒಳ್ಳೆಯ ವೈನೂ ಬರೀ ಸ್ಪಿರಿಟ್ ವಾಸನೆ ಹೊಡೆಯುತ್ತದೆ. ಕೆಂಪನ್ನು ಮುಕ್ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದೆವು, ಬಿಳಿಯದು ಮಧ್ಯಾಹ್ನದಿಂದಲೇ ಒಳಗಿತ್ತು.

ಮೊದಲ ಸುತ್ತು ಬರಿ ವೈನ್, ಜೊತೆಗೆ ನೀರು, ಉಪ್ಪಿಲ್ಲದ ಬ್ರೆಡ್ ಚೂರು. ಹತ್ತಕ್ಕೆ ಅಂಕ, ಐದು ಜನರದು ಕೂಡಿ ಐವತ್ತಕ್ಕೆ. ಉ ಜಗ್ಗಿನದನ್ನು ಎಲ್ಲರೂ ಮೂಗಿಗೆ ಹಿಡಿದ ಕೂಡಲೇ ಕಂಡುಹಿಡಿದರು. ಬೆಂಗಳೂರು ನೀಲಿ ಅಮೆರಿಕ ಮೂಲದ ಲಾಬ್ರುಸ್ಕಾ ಜಾತಿಯ ಬೆರಕೆ ತಳಿ. ಅದರ ಪರಿಮಳವೆಂದರೆ ಚಿಕ್ಕಂದಿನ ದ್ರಾಕ್ಷಿ ಪೆಪ್ಪರಮಿಂಟಿನ ಪರಿಮಳ. ಗುರುತಿಸಿದ ಖುಷಿಯಲ್ಲೇ ಎಲ್ಲರೂ ಅದಕ್ಕೆ ಕಡಿಮೆ ಅಂಕ ಹಾಕಿದರು, 19. ಅಗ್ಗದ್ದು ಎಂದು ಗೊತ್ತಾದ ಮೇಲೆ ಲೇಬಲ್ ಮುಚ್ಚಿ ಏನು ಬಂತು? ಸಾವಿನ್ಯೋ 29, ಚೆನಿನ್ 31. 'ಈ' ಚೀಟಿಯ ಜಗ್ಗಿನದು (ಅದೇ ಸ್ಯಾಂಜೊವೇಸೆ ಎಂದು ಆಮೇಲೆ ತಿಳಿದದ್ದು) 34. ಊ ಜಗ್ಗಿಗೆ 36. ಲಾ ರಿಸರ್ವ್‌ಗೆ 38, ಎಲ್ಲಕ್ಕಿಂತ ಮೇಲೆ. ತುಂಬಿದ ಬಾಯಿ, ನಾಲಿಗೆಯ ಬದಿಗಳಲ್ಲಿ ಹದವಾದ ಒಗರು, ನುಂಗಿದ ಮೇಲೂ ಉಳಿಯುವ ಕರಿಮೆಣಸಿನ ಘಾಟು.

ಊ ಜಗ್ಗಿನ ಕಥೆ ಇಲ್ಲೇ ಹೇಳಬೇಕು. ಮಳೆ ಬಿದ್ದ ಕಾಡು ಎಂದು ನಾನು ಬಣ್ಣಿಸಿದ್ದು ಇದನ್ನೇ. ಮೇಷ್ಟ್ರು "ಹೌದು ಹೌದು, ಹಳೇ ಗ್ರಂಥಾಲಯ" ಅಂದರು. ಬೆಂಗಳೂರಿನವನು ಕಣ್ಣು ಮುಚ್ಚಿ "ಆಳ ಇದೆ" ಅಂದ. ನನ್ನ ಹೆಂಡತಿ ಮಾತ್ರ ಐದು ಹಾಕಿ ಸುಮ್ಮನಾದಳು. ಅಂಕಗಳನ್ನು ಕೂಡಿ ಆದ ಮೇಲೆ ಶಿರಸಿಯವನು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದ, "ನಂಗೆ ಇದರ ಗಂಧಗಾಳಿ ಇಲ್ಲ, ಆದ್ರೂ ಕೇಳ್ತೇನೆ. ಇದು ಮಳೆಗಾಲದಲ್ಲಿ ಅಟ್ಟದ ಮೇಲೆ ನೆನೆದ ಅಡಿಕೆ ಚೀಲದ ವಾಸನೆ ಹೊಡೀತದಲ್ಲ ಮಾರಾಯಾ?"

ಮತ್ತೆ ಮೂಸಿದೆವು. ನೆನೆದ ಗೋಣಿಚೀಲ. ಅದಲ್ಲದೆ ಬೇರೇನೂ ಅಲ್ಲ. ಒಮ್ಮೆ ಹೇಳಿದ ಮೇಲೆ ಮೂಗಿಗೆ ಬೇರೆ ಯಾವ ವಾಸನೆಯೂ ಸಿಗಲೊಲ್ಲದು. ಬಿರಡೆಯ ತೊಗಟೆಯಲ್ಲಿ ಬೂಸ್ಟು ಸೇರಿ ಹುಟ್ಟುವ ಟಿಸಿಎ ಎಂಬ ರಾಸಾಯನಿಕದ ಕೆಲಸ ಇದು. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯರ ಮೂಗಿಗೆ ಬಡಿಯುತ್ತದೆ, ವೈನಿನ ಹಣ್ಣಿನ ಪರಿಮಳವನ್ನು ಅಡಗಿಸಿಬಿಡುತ್ತದೆ. ಕುಡಿದರೆ ಅಪಾಯವಿಲ್ಲ, ಸುಖವೂ ಇಲ್ಲ. ತಿರುಗಿಸುವ ಮುಚ್ಚಳದ ಬಾಟ್ಲಿಯನ್ನು ಕಂಡು ಮೂಗು ಮುರಿಯುವವರು ಇದನ್ನು ನೆನಪಿಟ್ಟುಕೊಳ್ಳಬಹುದು. "ಸುರಿಯುವಾಗಲೇ ಯಾಕೆ ಹೇಳಲಿಲ್ಲ?" ಎಂದು ಬೆಂಗಳೂರಿನವನು ರೇಗಿದ. "ನಂಬರ್ ಬರೆಯೋವರೆಗೆ ಬಾಯಿ ಬಿಡಬೇಡ ಅಂದವ್ರು ನೀವೇ ಅಲ್ವೋ!"

ಊ ಆಟದಿಂದ ಹೊರಗೆ. ಐದು ಉಳಿದವು, ಊಟ ಬಂತು.

ಮೊದಲು ರವೆ ಹಚ್ಚಿ ಹುರಿದ ನೋಗ್ಲಿ, ದಕ್ಷಿಣದವರು ಕಾಣೆ ಎನ್ನುವ ಮೀನು. ಇದರ ಪಕ್ಕ ಸಾವಿನ್ಯೋ ಹೊಸ ಜನ್ಮ ತಾಳಿತು. ಬರಿ ಬಾಯಲ್ಲಿ ಅದು ಹಸಿ ದೊಣ್ಣೆಮೆಣಸಿನಕಾಯಿಯಂತೆ ಸ್ವಲ್ಪ ಎಳಸಾಗಿ ಕಂಡಿತ್ತು. ಬಿಸಿ ಮೀನಿನ ಎಣ್ಣೆಯನ್ನು ಅದರ ಹುಳಿ ತೊಳೆದುಕೊಂಡು ಹೋಗುತ್ತಿದ್ದ ರೀತಿಗೆ ನಾನು ನಿಂಬೆ ಹೋಳನ್ನು ಪಕ್ಕಕ್ಕಿಟ್ಟೆ. ಚಿಪ್ಪಿ ಸುಕ್ಕೆ ಬಂದಾಗ ಎರಡೂ ಬಿಳಿ ಸಮಸಮ. ಶಿರಸಿಯವನಿಗೆಂದು ಮಾಡಿದ ಬಾಳೆಕಾಯಿ ಪೋಡಿ ನಮ್ಮ ತಟ್ಟೆಗಳಲ್ಲೇ ಮಾಯವಾಯಿತು. ಪಾಪ, ಅವನು ತಾನೇ ತಂದ ಉಪ್ಪುನೀರಿನ ಮಿಡಿಯ ಅಪ್ಪೆಹುಳಿಯಲ್ಲಿ ಅನ್ನ ಕಲಸಿಕೊಂಡ.

ನಿಜವಾದ ಪರೀಕ್ಷೆ ಬಂಗಡೆ ಸಾರಿನದು. ನನ್ನ ಅತ್ತೆಯ ಕೈಯ ಸಾರು. ಬ್ಯಾಡಗಿ ಮೆಣಸು, ಅರೆದ ಕಾಯಿ, ಮುರುಗಲು ಸಿಪ್ಪೆಯ ಹುಳಿ, ಕೊನೆಯಲ್ಲಿ ಜಜ್ಜಿ ಹಾಕಿದ ಜುಮ್ಮನಕಾಯಿ. ನಾಲಿಗೆ ಜುಮ್ಮೆನ್ನುವುದಕ್ಕೇ ಅದಕ್ಕೆ ಆ ಹೆಸರು; ಚೀನಾದವರ ಸಿಚುವಾನ್ ಮೆಣಸಿನ ನೆಂಟ. ಒಂದು ತುತ್ತು ಉಂಡು ಲಾ ರಿಸರ್ವ್ ಒಂದು ಗುಟುಕು ಕುಡಿದೆ. ಮೊದಲ ಸುತ್ತಿನ ರಾಜ ಬಾಯಲ್ಲಿ ತುಕ್ಕು ಹಿಡಿದ ಮೊಳೆಯಾಗಿಬಿಟ್ಟ. ಕೈಗಾದವನು ಗ್ಲಾಸನ್ನು ಬೆಳಕಿಗೆ ಹಿಡಿದು ಏನಾದರೂ ಬಿದ್ದಿದೆಯೇ ಎಂದು ನೋಡಿದ.

ವೈನಿನ ತಪ್ಪಲ್ಲ, ಮೀನಿನದೂ ಅಲ್ಲ, ಇಬ್ಬರನ್ನೂ ಒಂದೇ ಬಾಯಲ್ಲಿ ಕೂರಿಸಿದ ನಮ್ಮದು. ವೈನಿನಲ್ಲಿ ಕರಗಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನ ಜೊತೆ ಸೇರಿದರೆ ಇಂಥ ಹಸಿ ಮೀನಿನ ವಾಸನೆ ಏಳುತ್ತದೆ ಎಂದು 2009ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದರು. ಹತ್ತಾರು ವೈನ್‌ಗಳನ್ನು ಸ್ಕಾಲಪ್ ಎಂಬ ಚಿಪ್ಪಿಯ ಜೊತೆ ಪರೀಕ್ಷಿಸಿ ಕಂಡುಕೊಂಡದ್ದು. ಬಂಗಡೆಯೋ ಕೊಬ್ಬಿನದೇ ಮೀನು. ಅದರ ಮೇಲೆ ಮೆಣಸಿನ ಖಾರ ಒಗರನ್ನು ಒರಟು ಮಾಡುತ್ತದೆ, ಆಲ್ಕೊಹಾಲು ಖಾರಕ್ಕೆ ಗಾಳಿ ಹಾಕುತ್ತದೆ. ಸ್ಯಾಂಜೊವೇಸೆಗೆ ಅಷ್ಟು ಪೆಟ್ಟು ಬೀಳಲಿಲ್ಲ. ಅದರೊಳಗೇ ಹುಳಿ ಹೆಚ್ಚು, ಮುರುಗಲಿನ ಎದುರು ಒಂದಿಷ್ಟು ಹೊತ್ತು ಸೆಣಸಿತು.

ಗೆದ್ದದ್ದು ಚೆನಿನ್. ಹಿಂದೆ ಎಲ್ಲೋ ಇರುವ ಸಣ್ಣ ಸಿಹಿ ಮೊದಲ ಸುತ್ತಿನಲ್ಲಿ "ಸ್ವಲ್ಪ ಪೆದ್ದು" ಅನ್ನಿಸಿಕೊಂಡಿತ್ತು. ಅದೇ ಸಿಹಿ ಈಗ ಖಾರದ ಬೆನ್ನು ತಟ್ಟಿ ಕೂರಿಸಿತು, ಕಾಯಿಯ ಜೊತೆ ಹೊಂದಿತು, ಜುಮ್ಮನಕಾಯಿಯ ಪರಿಮಳಕ್ಕೆ ದಾರಿ ಬಿಟ್ಟಿತು. ಮೇಷ್ಟ್ರು ಮಾತಿಲ್ಲದೆ ಗ್ಲಾಸ್ ಮುಂದೆ ಚಾಚಿದರು. ಶಿರಸಿಯವನು 30 ಮಿಲಿ ಅಳತೆ ಬಿಟ್ಟು ಧಾರಾಳವಾಗಿ ಸುರಿದ. ನನಗೆ ಇನ್ನೂ ನುಂಗಲಾರದ ಸಂಗತಿ ಬೇರೆ. ನಾವೆಲ್ಲ ನಕ್ಕಿದ್ದ ಸಿಹಿ ಪೋರ್ಟ್ ಕೂಡ ಬಂಗಡೆಯ ಎದುರು ಎರಡೂ ಕೆಂಪನ್ನು ದಾಟಿ ಮುಂದೆ ಹೋಯಿತು.

ಎರಡನೇ ಸುತ್ತಿನ ಅಂಕ ಹೀಗಿತ್ತು: ಚೆನಿನ್ 41, ಸಾವಿನ್ಯೋ 37, ಸಿಹಿ ಪೋರ್ಟ್ 30, ಸ್ಯಾಂಜೊವೇಸೆ 28, ಲಾ ರಿಸರ್ವ್ 21. ಮೊದಲನೆಯದು ಕೊನೆಗೆ, ಕೊನೆಯದು ನಡುವಿಗೆ. ಕೈಗಾದವನು ಎರಡೂ ಸುತ್ತು ಕೂಡಿಸಿ ಸರಾಸರಿ ತೆಗೆಯಲು ಹೊರಟ. ಹೆಂಡತಿ ಪೆನ್ನು ಕಿತ್ತುಕೊಂಡಳು: "ಊಟ ಮಾಡ್ತಾ ಕುಡಿಯೋದಾ, ಊಟ ಬಿಟ್ಟು ಕುಡಿಯೋದಾ, ಅದನ್ನ ಮೊದಲು ತೀರ್ಮಾನ ಮಾಡಿ." ಐದರಲ್ಲಿ ಮೂರನ್ನು ಸರಿಯಾಗಿ ಹೆಸರಿಸಿದವಳು ಅವಳೊಬ್ಬಳೇ. ನಾನು ಒಂದು, ಅದೂ ಪೋರ್ಟ್.

ಬೆಂಗಳೂರಿನವನು 1976ರ ಪ್ಯಾರಿಸ್ ಕಥೆ ತೆಗೆದ. ಲೇಬಲ್ ಮುಚ್ಚಿ ಸುರಿದಾಗ ಫ್ರಾನ್ಸಿನ ತೀರ್ಪುಗಾರರೇ ತಮ್ಮ ದೇಶದ ವೈನ್ ಬಿಟ್ಟು ಕ್ಯಾಲಿಫೋರ್ನಿಯಾದ ಬಿಳಿಗೂ ಕೆಂಪಿಗೂ ಮೊದಲ ಸ್ಥಾನ ಕೊಟ್ಟ ಆ ಪ್ರಸಂಗ. ಅಂಥವರೇ ಎಡವಿದ್ದಾರೆ, ನಾವು ಯಾವ ಲೆಕ್ಕ ಎಂಬ ಸಮಾಧಾನ. ಅವರಿಗೆ ಬಂಗಡೆ ಸಾರು ಬಡಿಸಿರಲಿಲ್ಲ ಎಂದರು ಮೇಷ್ಟ್ರು.

ಕೊನೆಯಲ್ಲಿ ಮುರುಗಲು ಕಡಿ ಬಂತು. ಹಸಿ ಬೆಳ್ಳುಳ್ಳಿ, ಕಾಯಿಹಾಲು, ಕಡುಗೆಂಪು ಹುಳಿ. ಒಂದು ಲೋಟ ಕುಡಿದು ಚೆನಿನ್ ಬಾಯಿಗಿಟ್ಟರೆ ನೀರು, ಸಾವಿನ್ಯೋ ನೀರು. ಯಾವ ವೈನೂ ಅದರ ಎದುರು ಉಳಿಯಲಿಲ್ಲ. ಇದನ್ನು ಜಗ್ಗಿಗೆ ಹಾಕಿ ಚೀಟಿ ಅಂಟಿಸಿದ್ದರೆ ಎಂದು ಶಿರಸಿಯವನು ಮೊದಲ ಬಾರಿ ನಕ್ಕ.

ಅಂದಿನಿಂದ ಮೀನಿನ ಊಟಕ್ಕೆ ಮನೆಗೆ ಬರುವುದು ಚೆನಿನ್ ಒಂದೇ. ಉಳಿದ ಲಾ ರಿಸರ್ವ್‌ಗೆ ಮುಚ್ಚಳ ತಿರುಗಿಸಿ ಫ್ರಿಜ್ಜಿನಲ್ಲಿಟ್ಟು, ಮೂರನೇ ದಿನ ಕೋಳಿ ಸುಕ್ಕೆಯ ಜೊತೆ ಮುಗಿಸಿದೆವು. ಹೆಂಡತಿ ಎಂಟು ಕೊಟ್ಟಳು, ನಾನು ಒಂಬತ್ತು. ಸ್ಯಾಂಜೊವೇಸೆಯ ವಿಷಯ ನಾನು ಈಗ ಮನೆಯಲ್ಲಿ ಎತ್ತುವುದಿಲ್ಲ.

ಭಾನುವಾರ ಬೆಳಿಗ್ಗೆ ಶಿರಸಿಯವನು ಖಾಲಿ ಬಾಟ್ಲಿಗಳನ್ನು ಕೇಳಿದ, ಜೇನುತುಪ್ಪ ತುಂಬಲು ಬೇಕು ಎಂದು. ಸಿಂಕಿನಲ್ಲಿ ನಿಂತು ಎರಡೆರಡು ಸಲ ಬಿಸಿನೀರು ಹಾಕಿ ತೊಳೆದ, ಒಂದೊಂದನ್ನೂ ಮೂಸಿ ಚೀಲಕ್ಕೆ ಇಳಿಸಿದ. ಎಲ್ಲಕ್ಕಿಂತ ಚೆಂದದ, ದಪ್ಪ ತಳದ ವಿದೇಶಿ ಬಾಟ್ಲಿಯನ್ನು ಮಾತ್ರ ಕಟ್ಟೆಯ ಮೇಲೆ ಬಿಟ್ಟು ಹೋದ.