ಡಿಎಂಆರ್‌ಜಿ ಕಲಿಯೋದಾ, ಕ್ವಾಂಟಂ ಯಂತ್ರ ಹಿಡಿಯೋದಾ?

ಬಹುಕಣ ಸಮಸ್ಯೆಗಳ, ಅಂದರೆ ಒಂದರ ಮೇಲೊಂದು ಪ್ರಭಾವ ಬೀರುವ ಹಲವು ಕ್ವಾಂಟಂ ಕಣಗಳ ಲೆಕ್ಕದ ಮೇಲೆ ಪಿಎಚ್‌ಡಿ ಮಾಡಬೇಕೆನ್ನುವವರ ಮುಂದೆ ಈ ಎರಡು ದಾರಿಗಳಿವೆ: ಸಾಮಾನ್ಯ ಕಂಪ್ಯೂಟರಿನಲ್ಲಿ ಓಡಿಸುವ ಡಿಎಂಆರ್‌ಜಿ ಎಂಬ ಲೆಕ್ಕದ ವಿಧಾನ, ಇಲ್ಲವೇ ಕ್ವಾಂಟಂ ಕಣಗಳನ್ನೇ ಬಳಸುವ ಯಂತ್ರ. ತೊಡಕು ಮಾತ್ರ ಒಂದೇ. ಮೇಲೆ, ಕೆಳಗೆ ಎಂಬ ಎರಡು ಸ್ಥಿತಿಗಳಿರುವ ಪುಟ್ಟ ಕಾಂತದಂಥ 50 ಸ್ಪಿನ್‌ಗಳ ಸ್ಥಿತಿಯನ್ನು ಪೂರ್ತಿ ಬರೆದಿಡಲು 2ರ ಘಾತ 50ರಷ್ಟು ಸಂಖ್ಯೆಗಳು ಬೇಕು. ಲ್ಯಾಪ್‌ಟಾಪಿಗೆ ಆಗದ ಮಾತು.

ಸ್ಟೀವನ್ ವೈಟ್ 1992ರಲ್ಲಿ ಕೊಟ್ಟ ಡಿಎಂಆರ್‌ಜಿ ಇಲ್ಲಿ ಜಾಣತನ ತೋರುತ್ತದೆ. ಎಂಟ್ಯಾಂಗಲ್‌ಮೆಂಟ್, ಅಂದರೆ ಕಣಗಳ ನಡುವಿನ ಕ್ವಾಂಟಂ ಹೆಣಿಗೆ, ಕಡಿಮೆ ಇದ್ದರೆ, ಲೆಕ್ಕಕ್ಕೆ ಬಾರದ ಭಾಗವನ್ನು ಕೈಬಿಡುತ್ತದೆ. ಒಂದು ಆಯಾಮದ ಸರಪಳಿಯ ಕನಿಷ್ಠ ಶಕ್ತಿಯ ಸ್ಥಿತಿ ಬೇಕಿದ್ದರೆ ಇದನ್ನು ಮೀರಿಸುವುದು ಕಷ್ಟ. ಎರಡು ಆಯಾಮಕ್ಕೆ ಹೋದರೆ ತಿಣುಕುತ್ತದೆ. ಸ್ಥಿತಿ ಬದಲಾಗುವುದನ್ನು ಬಹಳ ಹೊತ್ತು ಹಿಂಬಾಲಿಸಲೂ ಆಗದು, ಎಂಟ್ಯಾಂಗಲ್‌ಮೆಂಟ್ ಏರುತ್ತಲೇ ಇರುತ್ತದಲ್ಲ.

ಕ್ವಾಂಟಂ ಯಂತ್ರದ ಆಸೆ ಹುಟ್ಟುವುದು ಅಲ್ಲೇ. 2017ರಲ್ಲಿ ಹಾರ್ವರ್ಡ್‌ನ ಮಿಖಾಯಿಲ್ ಲುಕಿನ್ ತಂಡ 51 ಪರಮಾಣುಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ಸ್ಥಿತಿ ಬದಲಾಗುವುದನ್ನು ನೇರವಾಗಿ ನೋಡಿತು. ಆದರೆ ಈ ಯಂತ್ರಗಳಲ್ಲಿ ತಪ್ಪುಗಳು ಜಾಸ್ತಿ. 2023ರಲ್ಲಿ ಐಬಿಎಂ 127 ಕ್ಯೂಬಿಟ್‌ಗಳ (ಕ್ವಾಂಟಂ ಯಂತ್ರದ ಬಿಟ್‌ಗಳ) ಲೆಕ್ಕವೊಂದನ್ನು ಪ್ರಕಟಿಸಿತು. ಕೆಲವೇ ವಾರಗಳಲ್ಲಿ ಡಿಎಂಆರ್‌ಜಿಯ ಕುಟುಂಬಕ್ಕೇ ಸೇರಿದ ಟೆನ್ಸರ್ ನೆಟ್‌ವರ್ಕ್ ವಿಧಾನದವರು ಸಾಮಾನ್ಯ ಕಂಪ್ಯೂಟರಿನಲ್ಲೇ ಅದನ್ನು ಮಾಡಿಬಿಟ್ಟರು! ಮಜಾ ಅಲ್ವಾ?

ಲೇಸರ್, ವ್ಯಾಕ್ಯೂಮ್ ಪಂಪುಗಳ ಜೊತೆ ಗುದ್ದಾಡುವುದು ಇಷ್ಟವಿದ್ದರೆ ಎರಡನೆಯದನ್ನು ಹಿಡಿಯಿರಿ. ಇಲ್ಲದಿದ್ದರೆ ಡಿಎಂಆರ್‌ಜಿಯಿಂದ ಶುರು ಮಾಡಿ. ಕ್ವಾಂಟಂ ಯಂತ್ರದ ಉತ್ತರವನ್ನು ತಾಳೆ ನೋಡಲೂ ಅದು ಬೇಕಾಗುತ್ತದೆ.