ಲೂಮಿಕ್ಸ್ ಎಸ್5: ರಾತ್ರಿ ವಿಡಿಯೊಗೆ 3200ರಲ್ಲಿ ನಿಲ್ಲಬೇಡಿ

ಪ್ಯಾನಸಾನಿಕ್ ಲೂಮಿಕ್ಸ್ ಎಸ್5ನಲ್ಲಿ ವಿ-ಲಾಗ್ (ಎಡಿಟಿಂಗ್‌ನಲ್ಲಿ ಬಣ್ಣ ತಿದ್ದಲು ಅನುಕೂಲವಾಗುವ ಮಂಕು ಚಿತ್ರದ ಪ್ರೊಫೈಲ್) ಹಾಕಿಕೊಂಡು ರಾತ್ರಿ ವಿಡಿಯೊ ತೆಗೆಯುವವರಿಗೆ ನನ್ನದು ಒಂದೇ ಮಾತು. ಐಎಸ್‌ಒ 3200 ಬಿಡಿ, 4000ಕ್ಕೆ ಹೋಗಿ. ಐಎಸ್‌ಒ ಅಂದರೆ ಸಿಕ್ಕ ಬೆಳಕಿನ ಸಿಗ್ನಲನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ನಂಬರು. ಐಎಸ್‌ಒ ಏರಿಸಿದಷ್ಟೂ ನಾಯ್ಸ್, ಅಂದರೆ ಚಿತ್ರದಲ್ಲಿ ಕಾಳು ಕಾಳು, ಜಾಸ್ತಿ ಅಂತ ನಾವೆಲ್ಲ ಕಲಿತವರು. ಈ ಕ್ಯಾಮೆರಾದಲ್ಲಿ ಆ ಲೆಕ್ಕ ಒಂದು ಜಾಗದಲ್ಲಿ ಉಲ್ಟಾ ಆಗುತ್ತದೆ. 2500, 3200ರಲ್ಲಿ ಕಪ್ಪು ಜಾಗದಲ್ಲೆಲ್ಲ ಕಾಳು ಕಾಳು ಕುಣಿಯುತ್ತದೆ. 4000ಕ್ಕೆ ಹಾಕಿದ ಕೂಡಲೇ ಅರ್ಧಕ್ಕರ್ಧ ಅಡಗುತ್ತದೆ. ಈಗಲೂ ಒಂದೊಂದು ಸಲ ಸುಮ್ನೆ ಆ ಕಡೆ ಈ ಕಡೆ ತಿರುಗಿಸಿ ನೋಡಿ ಖುಷಿಪಡುತ್ತೇನೆ.

ನಾನು ಮೂಡಿಗೆರೆ ಕಡೆಯವನು. ಒಂದಿಷ್ಟು ತೋಟ ಇದೆ. ಉಳಿದ ಹೊತ್ತಿನಲ್ಲಿ ಮದುವೆ, ಸುಗ್ಗಿ, ಶಾಲೆ ವಾರ್ಷಿಕೋತ್ಸವದ ವಿಡಿಯೊ ಮಾಡಿಕೊಡುತ್ತೇನೆ. ಕಾಫಿಗೆ ಒಳ್ಳೆ ರೇಟು ಸಿಕ್ಕ ವರ್ಷ ಬೆಂಗಳೂರಿನಿಂದ ಇದನ್ನು ಸೆಕೆಂಡ್‌ಹ್ಯಾಂಡ್ ತಂದೆ. 2020ರ ಮಾಡೆಲ್. ಸ್ಪೆಕ್ಕು ನೀವು ನೋಡಿಯೇ ಇರುತ್ತೀರಿ, ಅದನ್ನು ಬಿಟ್ಟೆ. ನಮ್ಮ ಕಡೆ ತೆಗೆಯಬೇಕು ಅನ್ನಿಸುವಂಥದ್ದು ಹೆಚ್ಚಾಗಿ ಕತ್ತಲಲ್ಲೇ ನಡೆಯುತ್ತದೆ. ಸುಗ್ಗಿಯಲ್ಲಿ ಪಂಜಿನ ಬೆಳಕು. ದೀಪಾವಳಿ ಹೊತ್ತಿಗೆ ಬಿಂಡಿಗದ ದೇವೀರಮ್ಮನ ಬೆಟ್ಟವನ್ನು ಕತ್ತಲಿರುವಾಗಲೇ ಹತ್ತಲು ಶುರು ಮಾಡುವ ಜನ, ಅವರ ಕೈಯಲ್ಲಿ ಟಾರ್ಚು. ಮದುವೆ ಮನೆಯ ಚಪ್ಪರದಲ್ಲಿ ರಾತ್ರಿ ಮೂರು ಗಂಟೆಗೆ ಅಡುಗೆಯವರು ಒಲೆ ಹಚ್ಚುವುದು. ಮಳೆಗಾಲ ಬಂತು ಅಂದರೆ ಹಗಲೂ ಅಷ್ಟೇ, ಕರೆಂಟು ಇರುವುದಿಲ್ಲ, ಮಂಜು ಮುಸುಕಿರುತ್ತದೆ.

ಈ 4000ದ ಗುಟ್ಟು ಇಷ್ಟೇ. ಸೆನ್ಸರಿನ ಪ್ರತಿ ಪಿಕ್ಸೆಲ್‌ನಿಂದ ಸಿಗ್ನಲ್ ಓದಲು ಒಳಗೆ ಎರಡು ದಾರಿ ಇವೆ. ಒಂದರಲ್ಲಿ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ಜಾಸ್ತಿ ಗೇನ್ ಇರುವ ದಾರಿಯಲ್ಲಿ ಸಿಗ್ನಲ್ ಮೊದಲೇ ದೊಡ್ಡದಾಗುತ್ತದೆ. ಹಾಗಾಗಿ ಮುಂದಿನ ಸರ್ಕ್ಯೂಟ್ ಸೇರಿಸುವ ಗಲಾಟೆ ಅದರ ಮುಂದೆ ಸಣ್ಣದಾಗಿ ಕಾಣುತ್ತದೆ. ಡ್ಯುಯಲ್ ನೇಟಿವ್ ಐಎಸ್‌ಒ ಅನ್ನುವುದು ಇದಕ್ಕೇ. ಇದೇ ಕಂಪನಿ 2014ರಲ್ಲಿ ತಂದ ವಾರಿಕ್ಯಾಮ್ 35 ಎಂಬ ಸಿನಿಮಾ ಕ್ಯಾಮೆರಾದಲ್ಲಿ ಅದು 800 ಮತ್ತು 5000 ಇತ್ತು. ಸೋನಿ ಎಫ್‌ಎಕ್ಸ್30ರಲ್ಲಿ 800 ಮತ್ತು 2500. ಎಫ್‌ಎಕ್ಸ್3ರಲ್ಲಿ 800 ಮತ್ತು 12800. ಅಂದರೆ ಗೆಳೆಯನ ಕ್ಯಾಮೆರಾದ ನಂಬರು ನಿಮ್ಮದಕ್ಕೆ ಆಗುವುದಿಲ್ಲ.

ನಿಮ್ಮ ಕ್ಯಾಮೆರಾದಲ್ಲೂ ಒಂದೇ ನಂಬರು ಇರುವುದಿಲ್ಲ ಅನ್ನುವುದು ಇನ್ನೊಂದು ತಮಾಷೆ. ಎಸ್5ನಲ್ಲಿ ಮಾಮೂಲಿ ಪ್ರೊಫೈಲ್ ಹಾಕಿದರೆ 100 ಮತ್ತು 640. ಎಚ್‌ಡಿಆರ್ ಟಿವಿಗೆ ಹೊಂದುವ ಎಚ್‌ಎಲ್‌ಜಿ ಪ್ರೊಫೈಲ್ ಹಾಕಿದರೆ 400 ಮತ್ತು 2500. ವಿ-ಲಾಗ್‌ಗೆ 640 ಮತ್ತು 4000. ಎಲ್ಲದರಲ್ಲೂ ಎರಡನೆಯದು ಮೊದಲನೆಯದರ ಆರು ಪಟ್ಟು ಚಿಲ್ಲರೆ. ಒಳಗಿನ ಆ ಎರಡು ದಾರಿ ಅವೇ. ಪ್ರೊಫೈಲ್ ಬೆಳಕನ್ನು ಹೇಗೆ ಹಂಚುತ್ತದೆ ಅನ್ನುವುದರ ಮೇಲೆ ಚೀಟಿಯಲ್ಲಿ ಬರೆದ ನಂಬರು ಮಾತ್ರ ಬೇರೆ. ಆದ್ದರಿಂದ ಮಾಮೂಲಿ ಪ್ರೊಫೈಲ್‌ನಲ್ಲಿ ತೆಗೆಯುವವರು ನನ್ನ ಮಾತು ಕೇಳಿ 4000 ಹಾಕಬೇಕಿಲ್ಲ. ಅವರಿಗೆ 500ಕ್ಕಿಂತ 640 ವಾಸಿ.

ಮೆನುವಿನಲ್ಲಿ ಇದಕ್ಕೆ ಆಟೋ, ಲೋ, ಹೈ ಅಂತ ಮೂರು ಆಯ್ಕೆ ಇವೆ. ನಾನು ಸೂರ್ಯ ಮುಳುಗಿದ ಮೇಲೆ ಹೈಗೆ ಹಾಕಿ ಅಲ್ಲೇ ಕಟ್ಟಿಹಾಕುತ್ತೇನೆ. ಆಗ ಕತ್ತಲಲ್ಲಿ ಬೆರಳು ತಾಗಿ ಡಯಲ್ ತಿರುಗಿದರೂ ವಿ-ಲಾಗ್‌ನಲ್ಲಿ 4000ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಸಣ್ಣ ವಿಷಯ, ಆದರೆ ಜನರ ನೂಕುನುಗ್ಗಲಿನಲ್ಲಿ ದೊಡ್ಡ ಸಮಾಧಾನ.

ಆಮೇಲೆ ನನ್ನ ಒಂದು ಶಾಸ್ತ್ರ ಇದೆ. ಎಲ್ಲಿಗೆ ಹೋದರೂ ಮೊದಲು ಮುಖಗಳು ಬರುವ ಜಾಗಕ್ಕೆ ಹೋಗಿ ನಿಲ್ಲುತ್ತೇನೆ. ಅಂಗೈ ಬಿಚ್ಚಿ ಅಲ್ಲಿನ ಬೆಳಕಿಗೆ ಹಿಡಿಯುತ್ತೇನೆ. ಇನ್ನೊಂದು ಕೈಯಲ್ಲಿ ಕ್ಯಾಮೆರಾ, ಪರದೆಯ ಮೂಲೆಯಲ್ಲಿ ವೇವ್‌ಫಾರ್ಮ್, ಅಂದರೆ ಬೆಳಕು ಎಷ್ಟಿದೆ ಅಂತ ಶೇಕಡಾ ಲೆಕ್ಕದಲ್ಲಿ ತೋರಿಸುವ ಗ್ರಾಫ್. ವಿ-ಲಾಗ್‌ನಲ್ಲಿ ನಡುಬೂದು ಬಣ್ಣ 42ಕ್ಕೆ ಕೂರುತ್ತದೆ. ಅಂಗೈ ಅದಕ್ಕಿಂತ ಸ್ವಲ್ಪ ಬೆಳ್ಳಗಿರುವುದರಿಂದ 50ರ ಹತ್ತಿರ ಬಂದರೆ ಸಾಕು. ಬರಲಿಲ್ಲ ಅಂದರೆ ಮೊದಲು ಐಎಸ್‌ಒ ಮುಟ್ಟುವುದಿಲ್ಲ. ಲೆನ್ಸ್ ಪೂರ್ತಿ ತೆರೆದಿದೆಯಾ ನೋಡುತ್ತೇನೆ. ಆಮೇಲೆ ಅಲ್ಲಿದ್ದವರನ್ನು ಕೇಳುತ್ತೇನೆ: ‘ಅಕ್ಕಾ, ಆ ಟ್ಯೂಬ್‌ಲೈಟ್ ಒಂಚೂರು ಹಾಕ್ತೀರಾ?’ ಎಷ್ಟೋ ಸಲ ಕೆಲಸ ಅಷ್ಟಕ್ಕೇ ಮುಗಿಯುತ್ತದೆ. ಅಂಗೈ ಹಿಡಿದು ನಿಂತ ನನ್ನನ್ನು ನೋಡಿ ಅಜ್ಜಿಯೊಬ್ಬರು ಭವಿಷ್ಯ ಕೇಳಲು ಬಂದದ್ದೂ ಇದೆ.

ಯಾಕೆಂದರೆ ನಾಯ್ಸ್ ಬರುವುದು ಐಎಸ್‌ಒನಿಂದ ಅಲ್ಲ, ಬೆಳಕು ಸಾಲದೆ. ದೂರ ನಿಂತು ಪಿಸುಗುಟ್ಟುವವರಿಗೆ ಮೈಕ್‌ಸೆಟ್‌ನವನು ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಗುಂಯ್ ಅನ್ನುವುದೂ ಏರುತ್ತದೆ, ಅಲ್ವಾ? ಇದೂ ಅಷ್ಟೇ. ಹಾಗಂತ ಐಎಸ್‌ಒ ಕಡಿಮೆ ಇಟ್ಟು ಕಪ್ಪಾಗಿ ತೆಗೆದು, ಎಡಿಟಿಂಗ್‌ನಲ್ಲಿ ಎತ್ತುತ್ತೇನೆ ಅನ್ನುವುದು ಇನ್ನೂ ಕೆಟ್ಟ ದಾರಿ. ಅದರ ಬದಲು 4000ದಲ್ಲೇ ಇದ್ದು, ಸಾಧ್ಯವಾದರೆ ಒಂದು ಸ್ಟಾಪ್ (ಅಂದರೆ ಎರಡು ಪಟ್ಟು) ಜಾಸ್ತಿ ಬೆಳಕು ತಗೊಳ್ಳಿ. ಆಮೇಲೆ ಕಂಪ್ಯೂಟರಿನಲ್ಲಿ ಇಳಿಸಿ. ಕಾಳು ಕೂಡ ಜೊತೆಗೇ ಇಳಿಯುತ್ತದೆ. ಪಂಜಿನ ಉರಿ, ಬಲ್ಬು ಸುಟ್ಟು ಬೆಳ್ಳಗಾಗುತ್ತಿದೆಯಾ ಅಂತ ಮಾತ್ರ ಬೆಳಕು ಮಿತಿ ಮೀರಿದ ಜಾಗದಲ್ಲಿ ಪರದೆ ಮೇಲೆ ಮೂಡುವ ಜೀಬ್ರಾ ಪಟ್ಟಿ ನೋಡಿಕೊಳ್ಳಬೇಕು. ಪಂಜಿನ ನಡುಭಾಗ ಸುಟ್ಟರೆ ಸುಡಲಿ, ಮುಖ ಸುಡಬಾರದು.

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ರಾತ್ರಿಗೆ ಸುತಾರಾಂ ಬೇಡ. 20-60 ಲೆನ್ಸು 60ರಲ್ಲಿ ಎಫ್ 5.6. ನಾನು ಆಮೇಲೆ ತಗೊಂಡ 50 ಎಂಎಂ ಎಫ್ 1.8 ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಐಎಸ್‌ಒನಲ್ಲಿ ಅಷ್ಟು ಗಳಿಸಬೇಕಾದರೆ 4000ದಿಂದ 40000ಕ್ಕೆ ಹೋಗಬೇಕು. ಹೊಸ ಕ್ಯಾಮೆರಾ ಕೊಳ್ಳಲು ದುಡ್ಡು ಕೂಡಿಡುವವರು ಈ ಲೆಕ್ಕ ಒಂದು ಸಲ ಹಾಕಿ ನೋಡಲಿ.

ಸೆಕೆಂಡಿಗೆ 25 ಫ್ರೇಮಿನ ವಿಡಿಯೊಗೆ ಶಟರ್ 1/50 ಸೆಕೆಂಡ್. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ರಂಗೋಲಿ, ದೀಪ, ಅಲ್ಲಾಡದ ಚಪ್ಪರ ಇಂಥದ್ದಕ್ಕೆ 1/25 ಹಾಕಿದರೆ ಬೆಳಕು ಎರಡು ಪಟ್ಟು, ಅದೂ ಪುಕ್ಕಟೆ. ಕುಣಿತಕ್ಕೆ ಬೇಡ, ಕೈಕಾಲು ಕಲಸಿಹೋಗುತ್ತದೆ.

ಇಷ್ಟು ಹೊಗಳಿದ ಮೇಲೆ ಹೊಟ್ಟೆಯುರಿ ಹೇಳುತ್ತೇನೆ. ಕ್ಯಾಮೆರಾ ಕತ್ತಲನ್ನು ಗೆದ್ದಿತು ಅಂದುಕೊಳ್ಳುವ ಹೊತ್ತಿಗೆ ಡೆಕೊರೇಷನ್‌ನವರು ನೀಲಿ ಎಲ್‌ಇಡಿ ತಂದರು. ಆರತಕ್ಷತೆಯ ವೇದಿಕೆ ತುಂಬ ನೀಲಿ. ಸೆನ್ಸರಿನಲ್ಲಿ ನೀಲಿ ಬಣ್ಣ ನೋಡುವುದು ನಾಲ್ಕರಲ್ಲಿ ಒಂದು ಪಿಕ್ಸೆಲ್ ಮಾತ್ರ. ಎರಡು ಹಸಿರಿಗೆ, ಒಂದು ಕೆಂಪಿಗೆ. ಬರೀ ನೀಲಿ ಬೆಳಕು ಬಿದ್ದರೆ ಆ ಒಂದು ತುಂಬಿ ಚೆಲ್ಲುತ್ತದೆ, ಉಳಿದ ಮೂರು ಹೆಚ್ಚುಕಮ್ಮಿ ಖಾಲಿ. ಐಎಸ್‌ಒ ಏರಿಸಿದರೆ ನೀಲಿ ಇನ್ನೂ ಒಡೆಯುತ್ತದೆ. ಇಳಿಸಿದರೆ ಮುಖ ಕಾಣುವುದಿಲ್ಲ. ಮದುಮಗಳ ಕೆನ್ನೆಯಲ್ಲಿ ಚರ್ಮವೂ ಇಲ್ಲ, ನೆರಳೂ ಇಲ್ಲ, ಒಂದು ನೀಲಿ ತೇಪೆ. ಇದಕ್ಕೆ 4000ವೂ ಇಲ್ಲ, 640ವೂ ಇಲ್ಲ. ‘ಅಣ್ಣಾ, ಒಂದು ವಾರ್ಮ್ ಲೈಟ್ ಮುಂದಿನಿಂದ ಹಾಕಿ’ ಅಂದರೆ ‘ಥೀಮ್ ಹಾಳಾಗುತ್ತೆ ಸಾರ್’ ಅಂತ ಉತ್ತರ. ಡಿಮ್ ಮಾಡಿದ ಎಲ್‌ಇಡಿಯಾದರೆ ಪರದೆ ಮೇಲೆ ಪಟ್ಟೆ ಬೇರೆ ಓಡುತ್ತದೆ. ಪೂರ್ತಿ ಉರಿಸಿ ಅಂತ ಕೇಳಿಕೊಂಡರೆ ಕೆಲವೊಮ್ಮೆ ಪಟ್ಟೆ ಹೋಗುತ್ತದೆ. ಕೇಳಿಸಿಕೊಳ್ಳುವವರು ಬೇಕಲ್ಲ.

ಉಳಿದ ನಾಯ್ಸ್ ತೊಳೆಯುವ ಕೆಲಸವೂ ಸುಲಭವಲ್ಲ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಪುಕ್ಕಟೆ ಆವೃತ್ತಿಯಲ್ಲಿ ನಾಯ್ಸ್ ರಿಡಕ್ಷನ್ ಇಲ್ಲ, ದುಡ್ಡು ಕೊಟ್ಟು ಅದರ ಸ್ಟುಡಿಯೊ ಆವೃತ್ತಿ ತಗೊಳ್ಳಬೇಕು. ತಗೊಂಡರೂ ನನ್ನ ಲ್ಯಾಪ್‌ಟಾಪ್ ರಾತ್ರಿಯಿಡೀ ಫ್ಯಾನ್ ತಿರುಗಿಸುತ್ತದೆ. ಕ್ಯಾಮೆರಾದೊಳಗಿನ ನಾಯ್ಸ್ ರಿಡಕ್ಷನ್ ಏರಿಸಿದರೆ ಸೀರೆಯ ಜರಿ ಮೇಣ ಬಳಿದಂತೆ ಆಗುತ್ತದೆ, ನಾನು ಅದನ್ನು ತಗ್ಗಿಸಿಯೇ ಇಡುತ್ತೇನೆ. ‘ಎಲ್ಲರೂ ಮೊಬೈಲಿನಲ್ಲೇ ನೋಡುವುದು, ಇಷ್ಟು ಯಾಕೆ ಒದ್ದಾಡ್ತೀಯ’ ಅಂತ ಮನೆಯಲ್ಲಿ ಕೇಳುತ್ತಾರೆ. ಮೊಬೈಲಿಗೇ ಕ್ಲೀನ್ ಬೇಕು. ಕಾಳು ಪ್ರತಿ ಫ್ರೇಮಿನಲ್ಲೂ ಬೇರೆ ಜಾಗದಲ್ಲಿರುತ್ತದೆ. ಫೈಲ್ ಕುಗ್ಗಿಸುವ ಲೆಕ್ಕ ಆ ಕಾಳಿಗೇ ಜಾಗ ಕೊಟ್ಟು, ಮುಖವನ್ನು ಚೌಕ ಚೌಕ ಮಾಡಿಬಿಡುತ್ತದೆ.

ಆಟೋಫೋಕಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಎಸ್5ನಲ್ಲಿ ಮುಖ ಗುರುತಿಸುವ ಫೇಸ್ (face) ಡಿಟೆಕ್ಷನ್ ಇದೆ; ಇಲ್ಲದಿರುವುದು ಫೋಕಸ್ ಎತ್ತ ತಿರುಗಬೇಕು ಅಂತ ನೇರವಾಗಿ ಅಳೆಯುವ ಫೇಸ್ (phase) ಡಿಟೆಕ್ಷನ್. ಅದು ಬಂದದ್ದು 2023ರ ಎಸ್5 ಮಾರ್ಕ್ 2ರಲ್ಲಿ. ಒಬ್ಬರೇ ಓಡಾಡಿಕೊಂಡು ಮದುವೆ ತೆಗೆಯುವವರು ಮಾರ್ಕ್ 2 ನೋಡಲಿ. ನನಗೆ ರಾತ್ರಿ ಕೈಯಲ್ಲೇ ಫೋಕಸ್ ತಿರುಗಿಸುವ ಅಭ್ಯಾಸ, ಹಾಗಾಗಿ ಬದಲಾಯಿಸುವ ಯೋಚನೆ ಇಲ್ಲ. ಮುಂದಿನ ಫಸಲಿನ ದುಡ್ಡಲ್ಲಿ ಬ್ಯಾಟರಿಯ ಸಣ್ಣ ವಾರ್ಮ್ ಲೈಟ್ ಒಂದು ತಗೊಳ್ಳುತ್ತೇನೆ. ಥೀಮ್ ಹಾಳಾದರೆ ಆಗಲಿ.