ಸ್ವಿಚ್ಚಿನ ರೈಲು, ಸ್ಪಿರಿಟಿನ ರೈಲು

ಹಾಸನದ ನಮ್ಮ ಮನೆಯಲ್ಲಿ ಈಗ ಎರಡು ಪುಟ್ಟ ಇಂಜಿನ್‌ಗಳಿವೆ. ಒಂದು ಕರೆಂಟಿನಲ್ಲಿ ಓಡುವ, ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಬ ಹೆಸರಾಂತ ಹಬೆ ಇಂಜಿನ್ನಿನ ಮಾದರಿ. ಇನ್ನೊಂದು ಸ್ಪಿರಿಟ್ ದೀಪದಲ್ಲಿ ನಿಜವಾಗಿಯೇ ನೀರು ಕುದಿಸಿಕೊಂಡು ಓಡುವ, ಹಿತ್ತಾಳೆ ಬಾಯ್ಲರಿನ ನಾಲ್ಕು ಚಕ್ರದ ಗಿಡ್ಡ. ಒಂದು ಮಳೆಗಾಲ ಪೂರ್ತಿ ಎರಡನ್ನೂ ಓಡಿಸಿದೆ.

ನೋಟದಲ್ಲಿ ಸ್ಕಾಟ್ಸ್‌ಮನ್‌ಗೆ ಎದುರಿಲ್ಲ. ಅಸಲಿ ಇಂಜಿನ್ 1923ರಲ್ಲಿ ಇಂಗ್ಲೆಂಡಿನ ಡಾನ್‌ಕಾಸ್ಟರ್‌ನಲ್ಲಿ ತಯಾರಾದದ್ದು, ವಿನ್ಯಾಸ ನೈಜೆಲ್ ಗ್ರೆಸ್ಲಿಯದು. 1934ರಲ್ಲಿ ಗಂಟೆಗೆ 100 ಮೈಲಿ ಮುಟ್ಟಿತ್ತು. ಅದನ್ನು ಎಪ್ಪತ್ತಾರನೇ ಒಂದು ಪಾಲಿಗೆ ಇಳಿಸಿದರೆ ಕಲ್ಲಿದ್ದಲು, ನೀರು ಹೊರುವ ಹಿಂದಿನ ಗಾಡಿ ಟೆಂಡರ್ ಸೇರಿ ಗೇಣಿಗಿಂತ ತುಸು ಉದ್ದ. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ಆರು ದೊಡ್ಡವು, ಹಿಂದೆ ಎರಡು. ಚಿಕ್ಕಂದಿನಲ್ಲಿ ಅರಸೀಕೆರೆ ಪ್ಲಾಟ್‌ಫಾರಂನಲ್ಲಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಮೀಟರ್‌ಗೇಜ್ ಹಳಿಯ ವೈಪಿ ಎಂಬ ಹಬೆ ಇಂಜಿನ್‌ಗೂ ಇದೇ ಜೋಡಣೆ. ನಾನು ಇದಕ್ಕೆ ದುಡ್ಡು ಸುರಿದದ್ದೂ ಅದಕ್ಕೇ. ಎದುರಿನಿಂದ ನೋಡಿದರೆ ಮಾತ್ರ ದೊಡ್ಡ ಮೈಗೆ ಇಕ್ಕಟ್ಟಾದ ಕಾಲು: ಈ ಅಳತೆಗೆ ಎರಡು ಹಳಿಗಳ ನಡುವಿನ ಅಗಲ ಸುಮಾರು 18.8 ಮಿಲಿಮೀಟರ್ ಇರಬೇಕು, ಇರುವುದು 16.5.

ಅದನ್ನಾದರೂ ಸಹಿಸಬಹುದು. ನನಗೆ ಚುಚ್ಚಿದ್ದು ಚಕ್ರದ ಪಕ್ಕದ ಸರಳುಗಳು. ಅಸಲಿಯಲ್ಲಿ ಹಬೆ ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಸರಳನ್ನು ತಳ್ಳುತ್ತದೆ, ಸರಳು ಚಕ್ರ ತಿರುಗಿಸುತ್ತದೆ. ಇಲ್ಲಿ ಒಳಗಿನ ಮೋಟಾರು ಚಕ್ರ ತಿರುಗಿಸುತ್ತದೆ, ಸರಳುಗಳು ಸುಮ್ಮನೆ ಎಳೆಸಿಕೊಂಡು ಹೋಗುತ್ತವೆ. ಒಮ್ಮೆ ಕಣ್ಣಿಗೆ ಬಿತ್ತೋ, ಆಮೇಲೆ ಅದೇ ಕಾಣುತ್ತದೆ.

ಗಿಡ್ಡನಿಗೆ ಅಂದಚಂದ ಏನೂ ಇಲ್ಲ. ಯಾವ ಅಸಲಿ ಇಂಜಿನ್ನಿನ ಪ್ರತಿಯೂ ಅಲ್ಲ. ವಾಲ್ವ್ ಸರಳುಗಳ ಗೋಜಲೂ ಇಲ್ಲ. ಸಿಲಿಂಡರೇ ಒಂದು ಮೊಳೆಯ ಮೇಲೆ ತೂಗಾಡುತ್ತಾ ಹಬೆಯ ತೂತನ್ನು ತೆರೆದು ಮುಚ್ಚುತ್ತದೆ. ಆದರೆ ಚಾಕರಿ ಕೇಳುತ್ತದೆ. ಬೋರ್‌ವೆಲ್ ನೀರು ಹಾಕಿದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆಂದು ಮಳೆನೀರನ್ನು ಬಟ್ಟೆಯಲ್ಲಿ ಸೋಸಿ ತುಂಬುತ್ತೇನೆ. ಎರಡು ಹನಿ ದಪ್ಪ ಎಣ್ಣೆ, ಆಮೇಲೆ ದೀಪ. ಏಳೆಂಟು ನಿಮಿಷಕ್ಕೆ ಸೇಫ್ಟಿ ವಾಲ್ವ್ ಉಸ್ಸೆನ್ನುತ್ತದೆ. ಬೆರಳಿನಿಂದ ಚಕ್ರಕ್ಕೊಂದು ದೂಡು ಕೊಟ್ಟರೆ ಮೊದಲು ಬಿಸಿನೀರು ಉಗುಳಿ, ಕೆಮ್ಮಿ, ಆಮೇಲೆ ಹೊರಡುತ್ತದೆ. ನನ್ನದರಲ್ಲಿ ವೇಗ ತಗ್ಗಿಸುವ ಕೀಲಿ ಇಲ್ಲ. ತಿರುವಿನಲ್ಲಿ ಎರಡು ಸಲ ಪಲ್ಟಿ.

ಒಮ್ಮೆ ಸ್ಪಿರಿಟ್ ಜಾಸ್ತಿ ಸುರಿದುಬಿಟ್ಟೆ. ಹಗಲು ಬೆಳಕಿನಲ್ಲಿ ಸ್ಪಿರಿಟ್ಟಿನ ಉರಿ ಕಾಣುವುದೇ ಇಲ್ಲ; ಕೆಳಗೆ ಹಾಸಿದ್ದ ಪೇಪರ್ ಕಪ್ಪಗಾದಾಗಲೇ ಗೊತ್ತಾದದ್ದು. ಅಂದಿನಿಂದ ಅದಕ್ಕೆ ಜಗಲಿಯಲ್ಲಷ್ಟೇ ಜಾಗ, ಪಕ್ಕದಲ್ಲಿ ಒದ್ದೆ ಗೋಣಿಚೀಲ. ಹೆಂಡತಿಯ ಕಟ್ಟಪ್ಪಣೆ.

ಸಣ್ಣ ಮಕ್ಕಳಿರುವ ಮನೆಗೆ ಕರೆಂಟಿನದೇ ಸರಿ, ಎರಡು ಮಾತಿಲ್ಲ. ನೆಂಟರು ಬಂದಾಗ ನಾನೂ ಸ್ಕಾಟ್ಸ್‌ಮನ್ನನ್ನೇ ಓಡಿಸಿ ತೋರಿಸುತ್ತೇನೆ. ಅವರು ಹೋದ ಮೇಲೆ ಅದು ಮತ್ತೆ ಷೋಕೇಸಿಗೆ. ಭಾನುವಾರ ಮಳೆ ಬಿಟ್ಟರೆ ಜಗಲಿಯಲ್ಲಿ ಕೂತು, ಕೈಗೆಲ್ಲ ಎಣ್ಣೆ ಮಾಡಿಕೊಂಡು ಗಿಡ್ಡನ ವಾಲ್ವ್ ಉಸ್ಸೆನ್ನುವುದನ್ನು ಕಾಯುತ್ತಿರುತ್ತೇನೆ.